ಪದಚರ್ಚೆ: ‘ವೇಗದ ಎಲೆಕ್ಟ್ರಾನ್’ ಎಂದರೆ ಯಾರಿಗಿಂತ ವೇಗ?

ಬಳಗದ ಮಾನ್ಯರಿಗೆ ಶಿರಸಿಯಿಂದ ನಮಸ್ಕಾರಗಳು.

ಒಂದೇ ಒಂದು ವಾಕ್ಯದ ಕನ್ನಡಕ್ಕಾಗಿ ಹದಿನೈದು ದಿನ ಹೆಣಗಿ, ಈಗ ಅದನ್ನು ತಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ. ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸಿ ನಿವೃತ್ತನಾದ ಮೇಲೆ, ಪದವಿಪೂರ್ವ ತರಗತಿಯ ಮಕ್ಕಳು ತಾವಾಗಿಯೇ ಓದಿಕೊಳ್ಳಬಹುದಾದ ಕೆಲವು ಬರಹಗಳನ್ನು ಸಿದ್ಧಪಡಿಸುತ್ತಿದ್ದೇನೆ. ಅವುಗಳಲ್ಲಿ ಒಂದರ ಮೊದಲ ಸಾಲು ಹೀಗಿತ್ತು: ‘ಸಮ್ಮಿಲನ ಪ್ಲಾಸ್ಮಾದಲ್ಲಿ ವೇಗದ ಎಲೆಕ್ಟ್ರಾನುಗಳು ಅಯಾನೀಕರಣದ ಮೇಲೂ ವಿಕಿರಣದ ಮೇಲೂ ಪರಿಣಾಮ ಬೀರುತ್ತವೆ.’ ವ್ಯಾಕರಣದಲ್ಲಿ ತಪ್ಪಿಲ್ಲ, ಒಂದೊಂದು ಪದಕ್ಕೂ ನಿಘಂಟಿನ ಆಧಾರವಿದೆ. ಆದರೆ ಅದನ್ನು ತಂಗಿಯ ಮಗಳಿಗೆ ಓದಿ ಹೇಳಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: ‘ಮಾವ, ಇದು ಕೈಗಾದಲ್ಲಿ ಇಪ್ದೇಯಾ?’ ವಾಕ್ಯದಲ್ಲಿ ಅವಳ ಕಿವಿಗೆ ಬಿದ್ದದ್ದು ‘ವಿಕಿರಣ’ ಒಂದೇ. ಉಳಿದ ಪದಗಳೆಲ್ಲ ಅದರ ಹಿಂದೆ ಮರೆಯಾಗಿಬಿಟ್ಟಿದ್ದವು. ಆಗ ಒಂದೊಂದೇ ಪದವನ್ನು ಬಿಡಿಸಿ ನೋಡತೊಡಗಿದೆ. ನೋಡುತ್ತ ಹೋದಂತೆ ಸಮಸ್ಯೆ ಪದಗಳದ್ದಷ್ಟೇ ಅಲ್ಲ, ಆ ವಾಕ್ಯವನ್ನು ನಾನೇ ಸರಿಯಾಗಿ ಯೋಚಿಸಿರಲಿಲ್ಲ ಎಂಬುದು ಗೊತ್ತಾಯಿತು.

‘ಸಮ್ಮಿಲನ’ದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೈಗಾದಂತಹ ಅಣುಸ್ಥಾವರದಲ್ಲಿ ಯುರೇನಿಯಮ್ಮಿನ ದೊಡ್ಡ ಬೀಜ (ಪರಮಾಣುವಿನ ನ್ಯೂಕ್ಲಿಯಸ್) ಒಡೆಯುವುದು ‘ವಿದಳನ’, ಸೂರ್ಯನಲ್ಲಿ ಹೈಡ್ರೋಜನ್ನಿನ ಸಣ್ಣ ಬೀಜಗಳು ಕೂಡುವುದು ‘ಸಮ್ಮಿಲನ’ ಎಂಬ ಜೋಡಿ ಪಠ್ಯಪುಸ್ತಕಗಳಲ್ಲಿ ನೆಲೆ ನಿಂತಿದೆ. ‘ಬೆಸುಗೆ’ ಎಂಬುದು ಚೆಲುವಾದ ಪದವಾದರೂ ಅದು ಗ್ಯಾರೇಜಿನ ವೆಲ್ಡಿಂಗನ್ನು ನೆನಪಿಸುತ್ತದೆ ಎಂದು ಬಿಟ್ಟಿದ್ದೇನೆ. ಪರಮಾಣುಗಳಿಂದ ಎಲೆಕ್ಟ್ರಾನುಗಳು ಬಿಡಿಸಿಕೊಂಡು ಅಲೆದಾಡುವಷ್ಟು ಕಾದ ಅನಿಲಕ್ಕಿರುವ ‘ಪ್ಲಾಸ್ಮಾ’ ಎಂಬ ಹೆಸರನ್ನೂ ಹಾಗೆಯೇ ಉಳಿಸಿಕೊಂಡಿದ್ದೇನೆ. 1928ರಲ್ಲಿ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಈ ಹೆಸರನ್ನು ರಕ್ತದ ಪ್ಲಾಸ್ಮಾದ ಹೋಲಿಕೆಯಿಂದಲೇ ತಂದರಾದ್ದರಿಂದ, 2020ರಲ್ಲಿ ಪತ್ರಿಕೆಗಳ ತುಂಬ ‘ಪ್ಲಾಸ್ಮಾ ಚಿಕಿತ್ಸೆ’ ಓದಿದ ನಮ್ಮ ಜನ ಗೊಂದಲಕ್ಕೀಡಾದರೆ ಅದರಲ್ಲಿ ಅವರ ತಪ್ಪೇನೂ ಇಲ್ಲ.

ನಿಜವಾದ ತೊಡಕು ಶುರುವಾಗುವುದು ‘ವೇಗದ’ ಎಂಬಲ್ಲಿ. ಫ್ರಾನ್ಸಿನ ಕಡರಾಶ್‌ನಲ್ಲಿ ಕಟ್ಟಲಾಗುತ್ತಿರುವ ಐಟರ್ ಎಂಬ ಸಮ್ಮಿಲನ ಪ್ರಯೋಗದ ಯಂತ್ರದ ಪ್ಲಾಸ್ಮಾ ಸುಮಾರು 15 ಕೋಟಿ ಡಿಗ್ರಿ ಕಾಯಬೇಕೆಂಬುದು ಗುರಿ. ಅಂತಹ ಕಡೆ, 10 ಸಾವಿರ ಎಲೆಕ್ಟ್ರಾನ್‌ವೋಲ್ಟ್ (ಕಣಗಳ ಶಕ್ತಿಯನ್ನು ಅಳೆಯುವ ಮಾನ) ಶಕ್ತಿಯ ತೀರ ಸಾಧಾರಣ ಎಲೆಕ್ಟ್ರಾನೇ ಸೆಕೆಂಡಿಗೆ 58 ಸಾವಿರ ಕಿಲೋಮೀಟರ್‌ನಷ್ಟು, ಎಂದರೆ ಬೆಳಕಿನ ವೇಗದ ಐದನೆಯ ಒಂದು ಪಾಲಿನಷ್ಟು ವೇಗದಲ್ಲಿ ಓಡುತ್ತಿರುತ್ತದೆ. ಹಾಗಿರುವಾಗ ‘ವೇಗದ ಎಲೆಕ್ಟ್ರಾನ್’ ಎಂದರೆ ಉಳಿದವು ನಿಧಾನದವು ಎಂದು ಓದುಗ ಭಾವಿಸಿದರೆ ಅರ್ಥ ಕೆಟ್ಟಂತೆ. ಇಲ್ಲಿ ವೇಗವನ್ನು ಅಳೆಯುವುದು ಗುಂಪಿಗೆ ಹೋಲಿಸಿ. ಪರಸ್ಪರ ತಾಗಿ ತಾಗಿ ಶಕ್ತಿಯನ್ನು ಹಂಚಿಕೊಂಡ ಎಲೆಕ್ಟ್ರಾನುಗಳ ಗುಂಪಿನಲ್ಲಿ ಯಾವ ವೇಗದವು ಎಷ್ಟು ಎಂಬುದಕ್ಕೆ ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಹಾಕಿಕೊಟ್ಟ ಲೆಕ್ಕವೊಂದಿದೆ, ಆ ಲೆಕ್ಕದ ಪ್ರಕಾರ ಇರಬೇಕಾದುದಕ್ಕಿಂತ ಹೆಚ್ಚಿನ ಸಂಖ್ಯೆಯಲ್ಲಿ ಮೇಲಿನ ವೇಗಗಳಲ್ಲಿ ಕಾಣಿಸಿಕೊಂಡವನ್ನು ಮಾತ್ರ ‘ವೇಗದವು’ ಎಂದು ಪ್ರತ್ಯೇಕಿಸುತ್ತಾರೆ. ಅಯಸ್ಕಾಂತದ ಬೇಲಿಯೊಳಗೆ ಪ್ಲಾಸ್ಮಾವನ್ನು ಹಿಡಿದಿಡುವ ಟೋಕಾಮಾಕ್‌ನಲ್ಲಿ ಅವು ವಿದ್ಯುತ್ ಕ್ಷೇತ್ರದ ನೂಕಿನಿಂದಲೋ, ಹೊರಗಿನಿಂದ ಕಳುಹಿಸಿದ ರೇಡಿಯೋ ತರಂಗಗಳ ಮೇಲೆ ಸವಾರಿ ಮಾಡಿಯೋ ಹುಟ್ಟುತ್ತವೆ.

ಲೇಸರಿನಿಂದ ಇಂಧನದ ಗುಳಿಗೆಯನ್ನು ಹಿಂಡುವ ವಿಧಾನದವರು ಇವನ್ನೇ ‘ಬಿಸಿ ಎಲೆಕ್ಟ್ರಾನ್’ ಎನ್ನುತ್ತಾರೆ. ಅವು ಗುಳಿಗೆಯ ಒಳಭಾಗವನ್ನು ಹಿಂಡುವ ಮೊದಲೇ ಕಾಯಿಸಿಬಿಟ್ಟು ಕೆಲಸ ಕೆಡಿಸುವುದರಿಂದ ಆ ಹೆಸರು ಅವರಿಗೆ ಸಹಜ. ಆದರೆ ಕನ್ನಡದಲ್ಲಿ ನಾನು ಅದನ್ನು ಒಪ್ಪಲಾರೆ. ಬಿಸಿ ಎಂಬುದು ಗುಂಪಿನ ಗುಣ. ಒಂದು ಕಣಕ್ಕೆ ವೇಗವಿರುತ್ತದೆ, ಶಕ್ತಿಯಿರುತ್ತದೆ, ಬಿಸಿಯಿರುವುದಿಲ್ಲ. ಈ ಭೇದವನ್ನು ಮಕ್ಕಳಿಗೆ ತಿಳಿಸಲು ಒಂದು ವರ್ಷ ಒದ್ದಾಡಿ, ನಾವೇ ಒಂದು ಪಾರಿಭಾಷಿಕ ಪದದಿಂದ ಅದನ್ನು ಅಳಿಸಿಹಾಕುವುದು ತರವಲ್ಲ. ‘ಉಷ್ಣಾತೀತ ಎಲೆಕ್ಟ್ರಾನ್’ ಎಂಬ ಸಂಸ್ಕೃತದ ಸಮಾಸ ಅರ್ಥದಲ್ಲಿ ನಿಖರವಾಗಿದೆ, ಆದರೆ ‘ಕಾಲಾತೀತ’, ‘ಭಾವಾತೀತ’ಗಳ ಸಾಲಿನಲ್ಲಿ ನಿಂತು ಪ್ರವಚನದ ಧ್ವನಿ ಹೊರಡಿಸುತ್ತದೆ. ನನ್ನ ಕರಡಿನಲ್ಲಿ ಸದ್ಯಕ್ಕೆ ‘ಗುಂಪುಮೀರಿದ ಎಲೆಕ್ಟ್ರಾನ್’ ಎಂದು ಬರೆದುಕೊಂಡಿದ್ದೇನೆ. ಕಿವಿಗೆ ಇನ್ನೂ ಒಗ್ಗಿಲ್ಲ.

ಗುಂಪು ಎಂದೊಡನೆ ನಮ್ಮೂರಿನವನಿಗೆ ನೆನಪಾಗುವುದು ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆ. ಮೊದಲ ಕರಡಿನಲ್ಲಿ ಅದನ್ನೇ ಉಪಮೆಯಾಗಿ ಬಳಸಿದ್ದೆ: ಬಿಡ್ಕಿಬೈಲಿನ ಜನಸಂದಣಿಯಲ್ಲಿ ಎಲ್ಲರೂ ತಳ್ಳಾಡುತ್ತ ನಡೆಯುವಾಗ ಒಬ್ಬ ಮಾತ್ರ ಓಡಿದಂತೆ, ಎಂದು. ಎರಡನೆಯ ಸಲ ಓದಿದಾಗ ಉಪಮೆ ತಲೆಕೆಳಗಾಗಿರುವುದು ಕಂಡಿತು. ಜಾತ್ರೆಯಲ್ಲಿ ಓಡುವವನಿಗೆ ನಡೆಯುವವನಿಗಿಂತ ತಿಕ್ಕಾಟ ಹೆಚ್ಚು. ಪ್ಲಾಸ್ಮಾದಲ್ಲಿ ಓಡುವವನಿಗೆ ತಿಕ್ಕಾಟ ಕಡಿಮೆ. ವಿದ್ಯುದಂಶದ ಕಣಗಳು ಮೈ ತಾಗಿಸಿ ಡಿಕ್ಕಿ ಹೊಡೆಯುವುದಿಲ್ಲ, ದೂರದಿಂದಲೇ ಎಳೆದು, ತಳ್ಳಿ ಒಂದನ್ನೊಂದು ತಡೆಯುತ್ತವೆ. ವೇಗವಾಗಿ ಹಾದುಹೋಗುವ ಎಲೆಕ್ಟ್ರಾನು ಪ್ರತಿಯೊಂದು ಕಣದ ಬಳಿ ಇರುವ ಹೊತ್ತು ಕಡಿಮೆಯಾದ್ದರಿಂದ ಅದಕ್ಕೆ ತಗಲುವ ತಡೆಯೂ ಕಡಿಮೆ. ವೇಗ ಎರಡು ಪಟ್ಟಾದರೆ ತಡೆ ಹೆಚ್ಚುಕಡಿಮೆ ಕಾಲುಭಾಗಕ್ಕಿಳಿಯುತ್ತದೆ. ಮುಂದೆ ಬರುವ ಪದಗಳೆಲ್ಲ ಈ ಒಂದು ವಿಚಿತ್ರದ ಮೇಲೆ ನಿಂತಿರುವುದರಿಂದ, ಜಾತ್ರೆಯ ಉಪಮೆಯನ್ನು ತೆಗೆದುಹಾಕುವ ಬದಲು ‘ಹೀಗಲ್ಲ’ ಎಂಬ ಉದಾಹರಣೆಯಾಗಿ ಉಳಿಸಿಕೊಂಡಿದ್ದೇನೆ.

ಇನ್ನು ‘ಅಯಾನೀಕರಣ’, ಎಂದರೆ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತು ಅದನ್ನು ವಿದ್ಯುದಂಶದ ‘ಅಯಾನು’ ಮಾಡುವುದು. 1834ರಲ್ಲಿ ಫ್ಯಾರಡೆ ಬಳಕೆಗೆ ತಂದ ಗ್ರೀಕ್ ಮೂಲದ ‘ಅಯಾನ್’ ಎಂಬ ಪದಕ್ಕೆ ‘ಹೋಗುವುದು’ ಎಂಬ ಅರ್ಥವಿದೆ. ನಮ್ಮ ‘ದಕ್ಷಿಣಾಯನ’, ‘ಉತ್ತರಾಯಣ’ಗಳಲ್ಲಿರುವ ‘ಅಯನ’ದ ಅರ್ಥವೂ ಅದೇ, ಎರಡರ ಧಾತುವೂ ಮೂಲದಲ್ಲಿ ಒಂದೇ. ಹಾಗಾಗಿ ‘ಅಯಾನು’ ಕನ್ನಡದ ಬಾಯಿಗೆ ಬಂದ ದೂರದ ನೆಂಟನೇ ಹೊರತು ಪರಕೀಯನಲ್ಲ. ನನ್ನ ತಕರಾರು ಇರುವುದು ಬಾಲದಲ್ಲಿರುವ ‘ಈಕರಣ’ದ ಬಗ್ಗೆ. ‘ರಾಷ್ಟ್ರೀಕರಣ’, ‘ನಗರೀಕರಣ’, ‘ಡಾಂಬರೀಕರಣ’ಗಳಿಗೆ ಒಗ್ಗಿಹೋದ ಓದುಗನಿಗೆ ‘ಅಯಾನೀಕರಣ’ವೂ ಯಾರೋ ಕುಳಿತು ಒಂದೇ ಸಲಕ್ಕೆ ಮಾಡಿ ಮುಗಿಸುವ ಕಾಮಗಾರಿಯಂತೆ ಕೇಳಿಸುತ್ತದೆ. ಹೈಡ್ರೋಜನ್ನಿಗೆ ಅದು ಸರಿ, ಏಕೆಂದರೆ ಅದರಲ್ಲಿರುವುದೇ ಒಂದು ಎಲೆಕ್ಟ್ರಾನ್, ಅದನ್ನು ಕೀಳಲು ಬೇಕಾದದ್ದು 13.6 ಎಲೆಕ್ಟ್ರಾನ್‌ವೋಲ್ಟ್ ಶಕ್ತಿ. ಆದರೆ ಯಂತ್ರದ ಒಳಗೋಡೆಯಿಂದ ಕಿತ್ತು ಬಂದು ಪ್ಲಾಸ್ಮಾದಲ್ಲಿ ಬೆರೆಯುವ ಟಂಗ್‌ಸ್ಟನ್ನಿಗೆ 74 ಎಲೆಕ್ಟ್ರಾನುಗಳಿವೆ. ಮೊದಲನೆಯದನ್ನು ಬಿಡಿಸಲು 8 ಎಲೆಕ್ಟ್ರಾನ್‌ವೋಲ್ಟಿಗೂ ತುಸು ಕಡಿಮೆ ಸಾಕು, ಕಟ್ಟಕಡೆಯದನ್ನು ಬಿಡಿಸಲು 80 ಸಾವಿರಕ್ಕೂ ಹೆಚ್ಚು ಬೇಕು. ಇದಕ್ಕೆ ನಮ್ಮ ತೋಟದ ಬಾಳೆಯೇ ಸರಿಯಾದ ಹೋಲಿಕೆ: ಹೊರಗಿನ ಒಣ ಪಟ್ಟೆಯನ್ನು ಮಕ್ಕಳೂ ಕೈಯಿಂದ ಎಳೆಯಬಹುದು, ಒಳಗೊಳಗೆ ಹೋದಂತೆ ಬಿಗಿ ಹೆಚ್ಚುತ್ತದೆ, ನಡುವಿನ ದಿಂಡಿಗೆ ತಲುಪಬೇಕಾದರೆ ಕತ್ತಿಯೇ ಬೇಕು.

ಆದ್ದರಿಂದ ‘ಸುಲಿ’ ಧಾತುವಿನಿಂದ ಒಂದು ಪದ ಕಟ್ಟಬಹುದೇ ಎಂಬುದು ನನ್ನ ಮೊದಲ ಪ್ರಶ್ನೆ. ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವವರನ್ನು ಕಂಡ ಊರಿನಲ್ಲಿ ‘ಮೂವತ್ತು ಎಲೆಕ್ಟ್ರಾನ್ ಸುಲಿದ ಟಂಗ್‌ಸ್ಟನ್’ ಎಂದರೆ ಯಾರಿಗೂ ವಿವರಣೆ ಬೇಕಾಗುವುದಿಲ್ಲ. ‘ಮೂವತ್ತು ಬಾರಿ ಅಯಾನೀಕೃತ’ ಎಂದರೆ ನನಗೇ ಬೇಕಾಗುತ್ತದೆ. ಇದಕ್ಕೆ ಕಾರವಾರದ ಸ್ನೇಹಿತರೊಬ್ಬರ ಆಕ್ಷೇಪ ಹೀಗಿದೆ: ‘ಸುಲಿಗೆ’ ಎಂದಾಕ್ಷಣ ದರೋಡೆ ನೆನಪಾಗುತ್ತದೆ. ಅವರ ಮಾತಿನಲ್ಲಿ ಹುರುಳಿದೆ. ‘ಸುಲಿತ’ ಎಂದು ಬೇರೆ ಪ್ರತ್ಯಯ ಹಚ್ಚಿದರೆ ಆ ನೆನಪು ತಪ್ಪಬಹುದೇನೋ, ವೈಯಾಕರಣರು ತಿಳಿಸಬೇಕು.

ವೇಗದ ಎಲೆಕ್ಟ್ರಾನುಗಳಿಗೆ ಈ ಸುಲಿತದಲ್ಲಿ ಇರುವ ಪಾತ್ರವನ್ನು ‘ಪರಿಣಾಮ ಬೀರುತ್ತವೆ’ ಎಂದು ಬರೆದದ್ದು ನನ್ನ ವಾಕ್ಯದ ಅತಿ ದೊಡ್ಡ ಸೋಮಾರಿತನ. ಆ ಕ್ರಿಯಾಪದ ದಿಕ್ಕನ್ನೂ ಹೇಳುವುದಿಲ್ಲ, ಪ್ರಮಾಣವನ್ನೂ ಹೇಳುವುದಿಲ್ಲ. ಒಂದು ಲೆಕ್ಕ ಮಾಡಿ ನೋಡಿದೆ. ಪ್ಲಾಸ್ಮಾದ ತಾಪ 1 ಎಲೆಕ್ಟ್ರಾನ್‌ವೋಲ್ಟ್, ಎಂದರೆ ಸುಮಾರು 11,600 ಕೆಲ್ವಿನ್ ಇದೆ ಎಂದುಕೊಳ್ಳಿ. ಮ್ಯಾಕ್ಸ್‌ವೆಲ್‌ನ ಲೆಕ್ಕದಂತೆ ಹೈಡ್ರೋಜನ್ನನ್ನು ಸುಲಿಯಲು ಬೇಕಾದ 13.6ರ ಗಡಿ ದಾಟಿದ ಎಲೆಕ್ಟ್ರಾನುಗಳು ಹತ್ತು ಲಕ್ಷದಲ್ಲಿ ಐದರಷ್ಟು ಮಾತ್ರ. ಈಗ ಅದಕ್ಕೆ 100 ಎಲೆಕ್ಟ್ರಾನ್‌ವೋಲ್ಟಿನ ವೇಗದ ಎಲೆಕ್ಟ್ರಾನುಗಳನ್ನು ಸಾವಿರಕ್ಕೊಂದರಂತೆ ಬೆರೆಸಿದರೆ, ಸುಲಿಯಬಲ್ಲವುಗಳ ಎಣಿಕೆ ಸುಮಾರು ಇನ್ನೂರು ಪಟ್ಟು ಏರುತ್ತದೆ. ಗುಂಪಿನ ಸರಾಸರಿ ಶಕ್ತಿಯಲ್ಲಿ ಹತ್ತನೆಯ ಒಂದು ಪಾಲಿಗಿಂತ ಹೆಚ್ಚಿನ ಬದಲಾವಣೆ ಆಗಿರುವುದಿಲ್ಲ, ಸುಲಿಯುವ ಕೆಲಸ ಮಾತ್ರ ಪೂರ್ತಿಯಾಗಿ ಹೊಸಬರ ಕೈಗೆ ಹೋಗಿರುತ್ತದೆ. ಅದೇ ತಾಪ 10 ಎಲೆಕ್ಟ್ರಾನ್‌ವೋಲ್ಟ್ ಇದ್ದರೆ, ಗಡಿ ದಾಟಿದವು ನೂರಕ್ಕೆ ನಲವತ್ತಕ್ಕಿಂತ ಹೆಚ್ಚಿರುತ್ತವೆ, ಸಾವಿರಕ್ಕೊಂದು ಹೊಸ ಎಲೆಕ್ಟ್ರಾನ್ ಬಂದರೂ ಹೋದರೂ ಯಾರಿಗೂ ಗೊತ್ತಾಗುವುದಿಲ್ಲ. ಅಷ್ಟೇ ಅಲ್ಲ, ಎಲೆಕ್ಟ್ರಾನು ಅತಿಯಾದ ವೇಗದ್ದಾದರೆ ಅದು ಸುಲಿಯುವ ಸಾಧ್ಯತೆಯೂ ಕುಗ್ಗುತ್ತದೆ, ಏಕೆಂದರೆ ಹಾದುಹೋಗುವ ಹೊತ್ತು ಕಡಿಮೆ ಎಂಬ ಮೇಲಿನ ಕಾರಣ ಇಲ್ಲಿಯೂ ಅನ್ವಯಿಸುತ್ತದೆ. ಹಾಗಾಗಿ ನನ್ನ ವಾಕ್ಯ ಹೇಳಬೇಕಾಗಿದ್ದುದು ಇದು: ಗುಂಪಿನ ತಾಪ ಸುಲಿತದ ಗಡಿಗಿಂತ ಬಹಳ ಕೆಳಗಿರುವಾಗ ಬೆರಳೆಣಿಕೆಯ ವೇಗದ ಎಲೆಕ್ಟ್ರಾನುಗಳೇ ಸುಲಿತವನ್ನು ನಡೆಸುತ್ತವೆ, ತಾಪ ಗಡಿಯ ಹತ್ತಿರಕ್ಕೆ ಬಂದಂತೆ ಅವುಗಳ ಮಾತು ನಡೆಯುವುದಿಲ್ಲ.

ಸುಲಿದದ್ದು ಸುಲಿದಂತೆಯೇ ಉಳಿಯುವುದಿಲ್ಲ, ಅಲೆದಾಡುವ ಎಲೆಕ್ಟ್ರಾನನ್ನು ಅಯಾನು ಮರಳಿ ಹಿಡಿದುಕೊಳ್ಳುತ್ತದೆ. ಇದಕ್ಕೆ ‘ಪುನಃಸಂಯೋಜನೆ’ ಎಂದು ಬರೆಯುವ ಬದಲು ‘ಮರುಕೂಡಿಕೆ’ ಎನ್ನುವುದು ನನಗಿಷ್ಟ. ವೇಗದ ಎಲೆಕ್ಟ್ರಾನನ್ನು ಹೀಗೆ ಹಿಡಿಯುವುದು ಅಯಾನಿಗೆ ಕಷ್ಟವಾದ್ದರಿಂದ, ಅವು ಸುಲಿಯುವ ಕಡೆ ಕೈಗೂಡಿಸುತ್ತವೆಯೇ ವಿನಾ ಮರುಕೂಡುವ ಕಡೆ ಬಹುಮಟ್ಟಿಗೆ ಕೈಕೊಡುತ್ತವೆ. ತಕ್ಕಡಿ ಹೆಚ್ಚು ಸುಲಿತದ ಕಡೆಗೇ ವಾಲುತ್ತದೆ.

ಈ ತಕ್ಕಡಿಗೆ ಹೆಸರಿಡುವಲ್ಲಿ ಇನ್ನೊಂದು ಪೇಚು ಕಾದಿತ್ತು. ಮೇಘನಾದ ಸಹಾ ಅವರು 1920ರಲ್ಲಿ ಕೊಟ್ಟ ಪ್ರಸಿದ್ಧ ಸಮೀಕರಣ ದಟ್ಟವಾದ, ಒಂದೇ ತಾಪಕ್ಕೆ ಬಂದು ಕುದುರಿದ ಅನಿಲಕ್ಕೆ ಸಲ್ಲುತ್ತದೆ. ಟೋಕಾಮಾಕ್‌ನ ತೆಳು ಪ್ಲಾಸ್ಮಾಕ್ಕೆ ಸಲ್ಲುವ ಲೆಕ್ಕಕ್ಕೆ ಸೂರ್ಯನ ಹೊರಾವರಣದ ಹೆಸರಾದ ‘ಕರೋನಾ’ವನ್ನು ಇಟ್ಟಿದ್ದಾರೆ, ಏಕೆಂದರೆ ಎಲೆಕ್ಟ್ರಾನಿನ ಹೊಡೆತದಿಂದ ಸುಲಿತ, ಬೆಳಕು ಚೆಲ್ಲಿ ಮರುಕೂಡಿಕೆ ಎಂಬ ಹೊಂದಾಣಿಕೆಯನ್ನು ಮೊದಲು ಅರಿತದ್ದು ಅಲ್ಲಿ. ಸೂರ್ಯನ ಆ ಆವರಣದಿಂದ ಗ್ರಹಣದ ವೇಳೆ ಬರುವ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಕಾಣುವ ಹಸಿರು ರೇಖೆ ಹದಿಮೂರು ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣದ್ದು ಎಂದು ಸ್ವೀಡನ್ನಿನ ಬೆಂಗ್ಟ್ ಎಡ್ಲೆನ್ 1940ರ ಆಸುಪಾಸಿನಲ್ಲಿ ಗುರುತಿಸಿದಾಗಲೇ ಅಲ್ಲಿನ ತಾಪ ಹತ್ತು ಲಕ್ಷ ಡಿಗ್ರಿಯ ಮಟ್ಟದ್ದೆಂದು ಜಗತ್ತಿಗೆ ತಿಳಿದದ್ದು. 1980ರ ಫೆಬ್ರವರಿ 16ರ ಖಗ್ರಾಸ ಗ್ರಹಣದ ನೆರಳು ನಮ್ಮ ಕಾರವಾರ–ಅಂಕೋಲೆಯ ಕರಾವಳಿಯಿಂದಲೇ ನಾಡಿನೊಳಗೆ ಬಂದು ಹುಬ್ಬಳ್ಳಿಯ ಕಡೆ ಹೋಯಿತು. ಅಂದು ಮನೆಯ ಹಿರಿಯರ ಮಾತು ಮೀರಿ ಅಂಗಳಕ್ಕೆ ಹೋಗಿ, ಬರಿಯ ಬೆಳ್ಳಿಯ ಬಳೆಯಂತಹ ಆ ಪ್ರಭೆಯನ್ನು ಕ್ಷಣಕಾಲ ನೋಡಿದ ನಾನು, ಅದರ ಹೆಸರನ್ನು ನಲವತ್ತು ವರ್ಷಗಳ ನಂತರ ಒಂದು ರೋಗ ಕಸಿದುಕೊಳ್ಳುತ್ತದೆಂದು ಎಣಿಸಿರಲಿಲ್ಲ. ಇಂದು ‘ಕರೋನಾ ಸಮತೋಲ’ ಎಂದು ಬರೆದರೆ ಯಾವ ಮಗುವೂ ಸೂರ್ಯನನ್ನು ನೆನೆಯುವುದಿಲ್ಲ. ‘ಸೂರ್ಯಪ್ರಭೆಯ ಸಮತೋಲ’ ಎಂಬುದು ಉದ್ದವಾಯಿತು, ‘ಪ್ರಭಾ ಸಮತೋಲ’ ಎಂಬುದು ಯಾರದೋ ಹೆಸರಿನಂತಾಯಿತು.

ಈಗ ‘ವಿಕಿರಣ’ಕ್ಕೆ ಬರುತ್ತೇನೆ. ಕಾರವಾರ ತಾಲ್ಲೂಕಿನ ಕೈಗಾದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ಅವು ಬರುವ ಮೊದಲಿನ ಚಳವಳಿಯ ದಿನಗಳಿಂದಲೂ ನಮ್ಮ ಜಿಲ್ಲೆಯಲ್ಲಿ ‘ವಿಕಿರಣ’ ಎಂದರೆ ಕಣ್ಣಿಗೆ ಕಾಣದ, ಮೈಗೆ ಕೇಡು ಮಾಡುವ ವಸ್ತು ಎಂಬ ಒಂದೇ ಅರ್ಥ ಉಳಿದಿದೆ. ‘ವಿಕಿರಣಶೀಲತೆ’ ಎಂಬ ಬೇರೆ ಪದವಿದ್ದರೂ ಆಡುಮಾತಿನಲ್ಲಿ ಎರಡೂ ಒಂದೇ. ಆದರೆ ನನ್ನ ವಾಕ್ಯದ ‘ವಿಕಿರಣ’ಕ್ಕೂ ಆ ಭಯಕ್ಕೂ ಸಂಬಂಧವಿಲ್ಲ, ಅದು ಪ್ಲಾಸ್ಮಾ ಬೆಳಕಿನ ರೂಪದಲ್ಲಿ ಕಳೆದುಕೊಳ್ಳುವ ಶಕ್ತಿ ಮಾತ್ರ, ಒಲೆಯ ಕೆಂಡ ಕೆಂಪಾಗಿ ಹೊಳೆಯುತ್ತ ತಣ್ಣಗಾಗುವಂತೆ. ಅದು ಮುಖ್ಯವಾಗುವುದು ಏಕೆಂದರೆ, ಕಾಯಿಸಲು ಅಷ್ಟು ಕಷ್ಟಪಟ್ಟ ಪ್ಲಾಸ್ಮಾ ಈ ದಾರಿಯಿಂದ ಸೋರಿಹೋಗುತ್ತದೆ. ಹತ್ತು ಸಾವಿರ ಕಣಗಳಲ್ಲಿ ಒಂದರಷ್ಟು ಟಂಗ್‌ಸ್ಟನ್ ಸೇರಿದರೂ ಸಮ್ಮಿಲನ ತನ್ನಷ್ಟಕ್ಕೆ ಉರಿಯುವುದು ಅಸಾಧ್ಯವೆನ್ನುವಷ್ಟು ಸೋರಿಕೆಯಾಗುತ್ತದೆ. ಹಾಗಾಗಿ ‘ವಿಕಿರಣ’ದ ಬದಲು ‘ಬೆಳಕಿನ ಸೋರಿಕೆ’ ಎನ್ನಬಹುದೇ ಎಂದು ಯೋಚಿಸುತ್ತಿದ್ದೇನೆ. ಇದರಲ್ಲಿ ಕ್ಷಕಿರಣವೂ ಸೇರಿರುವುದರಿಂದ ‘ಬೆಳಕು’ ಪದವನ್ನು ಸ್ವಲ್ಪ ಹಿಗ್ಗಿಸಬೇಕಾಗುತ್ತದೆ, ಆದರೆ ಹಿಗ್ಗಿಸಿದ ಬೆಳಕು ಕುಗ್ಗಿಹೋದ ವಿಕಿರಣಕ್ಕಿಂತ ಮೇಲು ಎನ್ನುವುದು ನನ್ನ ಅನಿಸಿಕೆ.

ಈ ಸೋರಿಕೆಯ ಮೇಲೆ ವೇಗದ ಎಲೆಕ್ಟ್ರಾನುಗಳು ಮಾಡುವ ಕೆಲಸಕ್ಕೆ ಎರಡು ಮುಖಗಳಿವೆ, ‘ಪರಿಣಾಮ ಬೀರು’ ಎಂಬುದು ಇಲ್ಲಿಯೂ ಸಾಲದು. ಅಯಾನಿನಲ್ಲಿ ಇನ್ನೂ ಉಳಿದಿರುವ ಎಲೆಕ್ಟ್ರಾನನ್ನು ಅವು ಹೊಡೆದು ಮೇಲಿನ ಮಟ್ಟಕ್ಕೆ ಏರಿಸಿದರೆ, ಅದು ಇಳಿಯುವಾಗ ಬೆಳಕು ಚೆಲ್ಲುತ್ತದೆ, ಸೋರಿಕೆ ಹೆಚ್ಚುತ್ತದೆ. ಆದರೆ ಅವೇ ಇನ್ನಷ್ಟು ಸುಲಿದು ಅಯಾನನ್ನು ಬರಿಯ ಬೀಜ ಮಾಡಿಬಿಟ್ಟರೆ, ಏರಿಳಿಯಲು ಯಾರೂ ಉಳಿಯದೆ ಆ ಬಗೆಯ ಬೆಳಕು ನಿಲ್ಲುತ್ತದೆ. ಇಂಗಾಲಕ್ಕಿರುವುದು ಆರೇ ಎಲೆಕ್ಟ್ರಾನ್. ಕೆಲವು ಹತ್ತು ಎಲೆಕ್ಟ್ರಾನ್‌ವೋಲ್ಟ್ ತಾಪದವರೆಗೆ ಅದು ಚೆನ್ನಾಗಿ ಬೆಳಗಿ ಪ್ಲಾಸ್ಮಾವನ್ನು ತಣಿಸುತ್ತದೆ, ಕೆಲವು ನೂರು ದಾಟಿದರೆ ಬಹುಪಾಲು ಬೆತ್ತಲಾಗಿ ಸುಮ್ಮನಾಗುತ್ತದೆ. ಟಂಗ್‌ಸ್ಟನ್ ಮಾತ್ರ ಐಟರ್‌ನ ನಡುಮಧ್ಯದ ತಾಪದಲ್ಲಿಯೂ ಒಳಗಿನ ಹತ್ತಾರು ಎಲೆಕ್ಟ್ರಾನುಗಳನ್ನು ಬಿಗಿಹಿಡಿದು ಬೆಳಗುತ್ತಲೇ ಇರುತ್ತದೆ. ವೇಗದ ಎಲೆಕ್ಟ್ರಾನೇ ಒಂದು ಕಡೆ ಸೋರಿಕೆ ಹೆಚ್ಚಿಸಿ, ಇನ್ನೊಂದು ಕಡೆ ಕಡಿಮೆ ಮಾಡುವುದಾದರೆ, ಕ್ರಿಯಾಪದವನ್ನು, ಅದು ಇಂಗಾಲವೋ ಟಂಗ್‌ಸ್ಟನ್ನೋ ಎಂದು ಮೂಲವಸ್ತುವಿನ ಹೆಸರು ನೋಡಿಯೇ ಆರಿಸಬೇಕಾಗುತ್ತದೆ.

ಆ ಬೆಳಕನ್ನು ಬಿಡಿಸಿ ನೋಡಿದರೆ ವೇಗದ ಎಲೆಕ್ಟ್ರಾನುಗಳು ಇವೆಯೋ ಇಲ್ಲವೋ ಎಂದೇ ಪತ್ತೆ ಹಚ್ಚಬಹುದು. ಎರಡೇ ಎಲೆಕ್ಟ್ರಾನ್ ಉಳಿದ ಅಯಾನಿನ ಒಂದು ಮುಖ್ಯ ರೇಖೆಯ ಮಗ್ಗುಲಲ್ಲೇ ಕೆಲವು ಸಣ್ಣ ರೇಖೆಗಳಿರುತ್ತವೆ. ಮುಖ್ಯ ರೇಖೆಯನ್ನು ಗಡಿ ದಾಟಿದ ಯಾವ ಎಲೆಕ್ಟ್ರಾನೂ ಬೆಳಗಿಸಬಲ್ಲದು. ಮಗ್ಗುಲಿನ ರೇಖೆಗಳಲ್ಲಿ ಹಲವು, ಬೀಗಕ್ಕೆ ಕೀಲಿಯಂತೆ ಒಂದು ನಿರ್ದಿಷ್ಟ ಶಕ್ತಿಯ ಎಲೆಕ್ಟ್ರಾನು ಬಂದು ಸಿಕ್ಕಿಹಾಕಿಕೊಂಡಾಗ ಮಾತ್ರ ಬೆಳಗುತ್ತವೆ. ವೇಗದ ಎಲೆಕ್ಟ್ರಾನುಗಳು ಸೇರಿದರೆ ಮುಖ್ಯ ರೇಖೆ ಏರುತ್ತದೆ, ಆ ಸಣ್ಣವು ಏರುವುದಿಲ್ಲ; ಎರಡರ ಅನುಪಾತವೇ ಗುಟ್ಟು ಬಿಟ್ಟುಕೊಡುತ್ತದೆ. ಈ ಸಣ್ಣ ರೇಖೆಗಳಿಗೆ ‘ಉಪಗ್ರಹ ರೇಖೆ’ ಎಂದು ಅನುವಾದ ಮಾಡಿದ್ದನ್ನು ಒಂದು ಕೈಬರಹದ ಪ್ರತಿಯಲ್ಲಿ ಕಂಡು ನಕ್ಕಿದ್ದೇನೆ. ಅದನ್ನು ಬರೆದವನು ಮೂವತ್ತು ವರ್ಷದ ಹಿಂದಿನ ನಾನೇ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ‘ಮಗ್ಗುಲುಗೆರೆ’ ಎಂದು ಈಗ ತಿದ್ದಿದ್ದೇನೆ. ‘ಬಳಿಗೆರೆ’ಯೂ ಆಗಬಹುದು.

ಕೊನೆಯದು, ನನ್ನನ್ನು ಅತಿಯಾಗಿ ಕಾಡಿದ್ದು. ವೇಗ ಹೆಚ್ಚಿದಂತೆ ತಡೆ ಕುಗ್ಗುವುದರಿಂದ, ವಿದ್ಯುತ್ ಕ್ಷೇತ್ರದ ನೂಕು ತಡೆಯನ್ನು ಒಮ್ಮೆ ಗೆದ್ದರೆ ಎಲೆಕ್ಟ್ರಾನು ಮತ್ತೆ ಗುಂಪಿಗೆ ಮರಳುವುದಿಲ್ಲ. ಓಡಿದಷ್ಟೂ ತಡೆ ಕಡಿಮೆ, ತಡೆ ಕಡಿಮೆಯಾದಷ್ಟೂ ಓಟ ಹೆಚ್ಚು. 1925ರಲ್ಲಿ ಸಿ. ಟಿ. ಆರ್. ವಿಲ್ಸನ್ ಗುಡುಗಿನ ಮೋಡಗಳ ಒಳಗೆ ಹೀಗಾಗಬಹುದೆಂದು ಊಹಿಸಿದರು, 1959ರಲ್ಲಿ ಹ್ಯಾರಿ ಡ್ರೈಸರ್ ಪ್ಲಾಸ್ಮಾಕ್ಕೆ ಇದರ ಲೆಕ್ಕ ಹಾಕಿಕೊಟ್ಟರು. ಟೋಕಾಮಾಕ್‌ನ ಪ್ಲಾಸ್ಮಾ ಹಠಾತ್ತನೆ ಕುಸಿದು ಕೆಲವೇ ಎಲೆಕ್ಟ್ರಾನ್‌ವೋಲ್ಟಿಗೆ ತಣ್ಣಗಾದಾಗ, ಅದುವರೆಗೆ ಹರಿಯುತ್ತಿದ್ದ ವಿದ್ಯುತ್ತನ್ನು ಉಳಿಸಿಕೊಳ್ಳಲು ದೊಡ್ಡ ಕ್ಷೇತ್ರವೊಂದು ಏಳುತ್ತದೆ. ಆಗ ಇಂತಹ ಎಲೆಕ್ಟ್ರಾನುಗಳು ಕೋಟಿಗಟ್ಟಲೆ ಎಲೆಕ್ಟ್ರಾನ್‌ವೋಲ್ಟ್ ಗಳಿಸಿ, ಗೋಡೆಗೆ ಬಡಿದರೆ ಲೋಹವನ್ನೇ ಕರಗಿಸುತ್ತವೆ.

ಇವುಗಳ ಇಂಗ್ಲಿಷ್ ಹೆಸರಾದ ‘ರನ್‌ಅವೇ ಎಲೆಕ್ಟ್ರಾನ್’ ಎಂಬುದನ್ನು ನೇರವಾಗಿ ‘ಓಡಿಹೋದ ಎಲೆಕ್ಟ್ರಾನ್’ ಎಂದರೆ ನಮ್ಮ ಕಡೆ ಮನೆಯವರ ಒಪ್ಪಿಗೆಯಿಲ್ಲದ ಮದುವೆಯ ಸುದ್ದಿಯಂತಾಗುತ್ತದೆ. ‘ಕಣ್ಣಿ ಹರಿದ ಎಲೆಕ್ಟ್ರಾನ್’ ಎಂಬುದು ನನಗೆ ತುಂಬ ಹಿಡಿಸಿತ್ತು, ಕೊಟ್ಟಿಗೆಯಲ್ಲಿ ಕಣ್ಣಿ ಹರಿದುಕೊಂಡ ದನದ ಓಟವನ್ನು ಕಂಡವರಿಗೆ ಅದರ ಸೊಗಸು ತಿಳಿಯುತ್ತದೆ. ಆದರೆ ಪರಮಾಣುವಿನ ಕಣ್ಣಿಯನ್ನು ಹರಿದುಕೊಳ್ಳುವುದು ಅಯಾನೀಕರಣದಲ್ಲೇ ಆಗಿಹೋಗಿರುತ್ತದೆ, ಪ್ಲಾಸ್ಮಾದಲ್ಲಿ ಅಲೆಯುವ ಎಲ್ಲ ಎಲೆಕ್ಟ್ರಾನುಗಳೂ ಕಣ್ಣಿ ಹರಿದವೇ. ಹಾಗಾಗಿ ಆ ಚೆಂದದ ಪದವನ್ನು ಅಲ್ಲಿಗೇ ಬಿಟ್ಟುಕೊಟ್ಟು, ಪತ್ರಿಕೆಗಳಲ್ಲಿ ಆರೋಪಿಗಳಿಗೆ ಮೀಸಲಾದ ‘ಬಂಧಿತ’ದ ಬದಲು ಅಯಾನಿನಲ್ಲಿ ಉಳಿದ ಎಲೆಕ್ಟ್ರಾನಿಗೆ ‘ಕಣ್ಣಿಯಲ್ಲಿರುವ ಎಲೆಕ್ಟ್ರಾನ್’ ಎಂದು ಬರೆಯುತ್ತಿದ್ದೇನೆ. ದೇವಿಮನೆ ಘಟ್ಟದಲ್ಲಿ ‘ಬ್ರೇಕ್ ತಪ್ಪಿದ ಲಾರಿ’ಯೂ ಸಲ್ಲುವುದಿಲ್ಲ, ಏಕೆಂದರೆ ಇಲ್ಲಿ ಬ್ರೇಕ್ ಕೆಟ್ಟಿಲ್ಲ, ವೇಗವೇ ಅದನ್ನು ಸಡಿಲಿಸಿದೆ. ಸುತ್ತಿ ಬಳಸಿ ‘ತಡೆಮೀರಿದ ಎಲೆಕ್ಟ್ರಾನ್’ ಎಂಬಲ್ಲಿಗೆ ಬಂದು ನಿಂತಿದ್ದೇನೆ.

ಅಲ್ಲಿಯೂ ಒಂದು ಮುಳ್ಳಿದೆ. ಎಲೆಕ್ಟ್ರಾನು ಬೀಜದ ಬಳಿ ದಾರಿ ಬಾಗಿ ವೇಗ ಕಳೆದುಕೊಳ್ಳುವಾಗ ಚೆಲ್ಲುವ ಬೆಳಕಿಗೆ ಜರ್ಮನ್ನರು ‘ಬ್ರೇಕಿನ ವಿಕಿರಣ’ ಎಂಬರ್ಥದ ಹೆಸರಿಟ್ಟಿದ್ದಾರೆ, ಕನ್ನಡದಲ್ಲಿ ಅದಕ್ಕೆ ‘ತಡೆಬೆಳಕು’ ಎಂದು ಬರೆದಿದ್ದೆ. ತಡೆಮೀರಿದ ಎಲೆಕ್ಟ್ರಾನುಗಳೇ ಗೋಡೆಗೆ ಬಡಿದಾಗ ಅತಿ ಹೆಚ್ಚು ತಡೆಬೆಳಕು ಚೆಲ್ಲುತ್ತವೆ ಎಂಬ ವಾಕ್ಯ ಭೌತವಿಜ್ಞಾನದಲ್ಲಿ ಸತ್ಯ, ಕನ್ನಡದಲ್ಲಿ ಒಗಟು. ಒಂದು ‘ತಡೆ’ಯನ್ನು ಬದಲಿಸಲೇಬೇಕು.

ಇದಕ್ಕೆ ಸೇರಿದಂತೆ ಇನ್ನೊಂದು. ತಡೆಮೀರಿದ ಒಂದು ಎಲೆಕ್ಟ್ರಾನು ನಿಧಾನದ ಇನ್ನೊಂದನ್ನು ಹೊಡೆದು ತನ್ನ ಜೊತೆಗೆ ಓಡಿಸುತ್ತದೆ; ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತವೆ. ಪ್ಲಾಸ್ಮಾವನ್ನು ಸಂಭಾಳಿಸಲು ಚಿಮ್ಮಿಸುವ ನಿಯಾನ್, ಆರ್ಗಾನ್‌ಗಳ ಕಣ್ಣಿಯಲ್ಲಿರುವ ಎಲೆಕ್ಟ್ರಾನುಗಳೂ ಈ ಹೊಡೆತಕ್ಕೆ ಸಿಗುತ್ತವೆ. ತಡೆಯನ್ನು ಹೆಚ್ಚಿಸಲೆಂದು ತಂದ ವಸ್ತುವೇ ಓಡುವವರ ಸಂಖ್ಯೆಗೂ ಇಂಬು ಕೊಡುವ ಇಕ್ಕಟ್ಟು ಅದು. ಈ ಬೆಳವಣಿಗೆಗೆ ಇಂಗ್ಲಿಷಿನಲ್ಲಿ ಹಿಮ ಜಾರುವ ಉಪಮೆಯಿದೆ. ‘ಹಿಮಪಾತ’ ಎಂದರೆ ಕನ್ನಡದಲ್ಲಿ ಹಿಮ ಬೀಳುವುದು, ಅದೂ ನಾವು ಕಾಣದ್ದು. ‘ಗುಡ್ಡ ಕುಸಿತ’ವನ್ನು, 2024ರ ಜುಲೈಯಲ್ಲಿ ಅಂಕೋಲೆಯ ಶಿರೂರಿನಲ್ಲಿ ನಡೆದುದರ ನಂತರ, ಉಪಮೆಯಾಗಿ ಬಳಸಲು ನನಗೆ ಮನಸ್ಸು ಬರುವುದಿಲ್ಲ. ಅರ್ಥವೂ ಹೊಂದುವುದಿಲ್ಲ, ಕುಸಿತದಲ್ಲಿ ಹೆಚ್ಚಳದ ಭಾವವೇ ಇಲ್ಲ. ಗದ್ದೆಯಲ್ಲಿ ಒಂದು ಬತ್ತದ ಸಸಿ ಬುಡದಿಂದ ಹಲವಾಗುವುದಕ್ಕೆ ‘ತೆಂಡೆಯೊಡೆಯುವುದು’ ಎನ್ನುತ್ತಾರಲ್ಲ, ಅದನ್ನು ಇಲ್ಲಿಗೆ ತಂದರೆ ಹೇಗೆ? ಕರಾವಳಿಯ ಗದ್ದೆಗಳಲ್ಲಿ, ವಿಶೇಷವಾಗಿ ಕಾಳಿ ಮತ್ತು ಗಂಗಾವಳಿಯ ದಂಡೆಯ ಊರುಗಳಲ್ಲಿ, ಇದೇ ಕ್ರಿಯೆಗೆ ಬೇರೆ ಹೆಸರಿದ್ದರೆ, ಹಾಲಕ್ಕಿ ಒಕ್ಕಲಿಗರ ಆಡುಮಾತಿನ ಪದವಾದರೂ ಸರಿ, ಅದರ ಸರಿಯಾದ ಉಚ್ಚಾರಣೆಯ ಜೊತೆಗೆ ಬಲ್ಲವರು ಬರೆದು ತಿಳಿಸಬೇಕೆಂದು ಕೋರುತ್ತೇನೆ.